ಒಂದು ಚಮಚವಾದರೂ ಉಳಿಯಲಿ

ಮಾಡಿದ ಪಾತ್ರೆ ಖಾಲಿಯಾದರೆ ಅಡುಗೆ ಮಾಡಿದವಳಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ ಎನ್ನುತ್ತಾರೆ. ರುಚಿಯಕ್ಕನ ಕಷ್ಟವೆಲ್ಲ ಶುರುವಾದದ್ದೇ ಪಾತ್ರೆ ಖಾಲಿಯಾದದ್ದರಿಂದ.

ಅವಳಿದ್ದದ್ದು ನಾಲ್ಕು ಮನೆಗಳ ಒಂದು ಹಳೆಯ ಕಟ್ಟಡದಲ್ಲಿ. ಕೆಳಗೆ ಅವಳು, ಗೋಡೆಯಾಚೆ ದರ್ಜಿಯಮ್ಮ. ಮೇಲೆ ನರ್ಸಮ್ಮ, ನರ್ಸಮ್ಮನ ಎದುರಿಗೆ ಕಟ್ಟಡದ ಒಡತಿ ಅಜ್ಜಿ. ತಿಂಗಳ ಕೊನೆಯ ಭಾನುವಾರ ಸಂಜೆ ನಾಲ್ಕೂ ಮನೆಯ ಹೆಂಗಸರು ತಾರಸಿಯಲ್ಲಿ ಸೇರಿ ಹರಟುವುದು ರೂಢಿ. ತಿಂಡಿ ಒಂದು ಮನೆಯದು. ಅದಕ್ಕೆ ಅಜ್ಜಿ ಒಂದು ನಿಯಮ ಮಾಡಿಟ್ಟಿದ್ದರು. ತಂದ ಪಾತ್ರೆ ಪೂರಾ ಖಾಲಿಯಾದರೆ ಮುಂದಿನ ತಿಂಗಳೂ ಅದೇ ಮನೆಯವಳು ಮಾಡಬೇಕು. ಒಂದು ಚಮಚ ಉಳಿದರೂ ಸಾಕು, ಸರದಿ ಪಕ್ಕದ ಮನೆಗೆ ದಾಟುತ್ತದೆ. ಚೆನ್ನಾಗಿ ಮಾಡುವವರೇ ಮಾಡಲಿ, ಎಲ್ಲರ ನಾಲಿಗೆಗೂ ಕ್ಷೇಮ ಎಂಬುದು ಅಜ್ಜಿಯ ತರ್ಕ.

ಈ ಮನೆಗೆ ಬಂದ ಹೊಸದರಲ್ಲಿ ರುಚಿಯಕ್ಕ ಮಾಡಿದ ಆಲೂಗಡ್ಡೆ ಕಟ್ಲೆಟ್ ಒಂದೂ ಉಳಿಯಲಿಲ್ಲ. ಎಂಥ ಕೈರುಚಿ ಎಂದು ಅಜ್ಜಿ ತಲೆದೂಗಿದರು. ಅವತ್ತಿನಿಂದ ಅವಳ ಸ್ವಂತ ಹೆಸರು ವಿದ್ಯುತ್ ಬಿಲ್ಲಿನಲ್ಲಿ ಮಾತ್ರ ಉಳಿದು, ಕಟ್ಟಡಕ್ಕೆಲ್ಲ ಅವಳು ರುಚಿಯಕ್ಕನಾದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳ ಅಡುಗೆಗೆ ಗಂಡ ಕೊಟ್ಟ ಅತಿ ದೊಡ್ಡ ಬಿರುದು ‘ಪರವಾಗಿಲ್ಲ’. ಹಾಗಾಗಿ ಈ ಹೊಸ ಹೆಸರು ಎಷ್ಟು ಹಿತವಾಗಿತ್ತೆಂದರೆ, ಹಲ್ಲುಜ್ಜುವಾಗ ಕನ್ನಡಿಯಲ್ಲಿ ತನ್ನನ್ನೇ ಒಮ್ಮೆ ಹಾಗೆ ಕರೆದು ನೋಡಿಕೊಂಡಿದ್ದಳು. ಮುಂದಿನ ತಿಂಗಳ ಬಿಸ್ಕತ್ತೂ ಖಾಲಿಯಾಯಿತು. ಅದರ ಮುಂದಿನ ಕ್ಯಾರೆಟ್ ಕೇಕೂ ಖಾಲಿ. ಆಮೇಲಾಮೇಲೆ ಮಾತ್ರ ಅವಳಿಗೆ ಸಂತೋಷದ ಜೊತೆಗೆ ಸೊಂಟನೋವೂ ಬರತೊಡಗಿತು. ವಾರವಿಡೀ ಕನ್ನಡಕದಂಗಡಿಯಲ್ಲಿ ನಿಂತೇ ಇರುವವಳಿಗೆ ಸಿಗುವುದು ಒಂದು ಭಾನುವಾರ. ಅದೂ ಕಣ್ಣು ಪರೀಕ್ಷೆಯ ಹಲಗೆಯ ಅಕ್ಷರಗಳ ಹಾಗೆ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತ ಬಂತು.

ಈ ಭಾನುವಾರ ಬೆಳಿಗ್ಗೆ ಅವಳ ಅಕ್ಕನ ಫೋನು ಬಂತು.

“ಮುಂದಿನ ತಿಂಗಳು ಕೊನೇ ಭಾನುವಾರ ನಂಗೆ ರಜ ಸಿಕ್ಕಿದೆ ಕಣೇ. ನಾವಿಬ್ರೇ ಸಮುದ್ರಕ್ಕೆ ಹೋಗೋಣ. ಗಂಡಂದಿರು ಬೇಡ, ಮಕ್ಕಳು ಬೇಡ, ಬುತ್ತಿ ಗಿತ್ತಿ ಏನೂ ಬೇಡ. ನೀರಲ್ಲಿ ಕಾಲಿಟ್ಕೊಂಡು ಸುಮ್ನೆ ಕೂತಿರೋಣ.”

ಸುಮ್ಮನೆ ಕೂತಿರುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ರುಚಿಯಕ್ಕನ ಕಣ್ಣಲ್ಲಿ ನೀರಾಡಿತು. ಅಕ್ಕತಂಗಿಯರಿಬ್ಬರೇ ಎಲ್ಲಿಗಾದರೂ ಹೋಗಿ ಎಷ್ಟು ಕಾಲವಾಗಿತ್ತೋ. ಖಂಡಿತ ಬರುತ್ತೇನೆ ಎಂದು ಮಾತು ಕೊಟ್ಟು ಫೋನಿಟ್ಟ ಮೇಲೆ ನೆನಪಾಯಿತು, ಕೊನೆಯ ಭಾನುವಾರವೆಂದರೆ ಕೂಟ. ಇವತ್ತು ಪಾತ್ರೆ ಖಾಲಿಯಾದರೆ ಮುಂದಿನದೂ ತನ್ನದೇ.

ನನ್ನಿಂದಾಗದು ಎಂದು ಹೇಳಿಬಿಡಬಹುದಿತ್ತು. ಆದರೆ ‘ಆಗದು’ ಎಂಬ ಮಾತು ಅವಳ ಗಂಟಲವರೆಗೆ ಬಂದು ಅಲ್ಲೇ ಕಾಲು ಚಾಚಿ ಮಲಗಿಬಿಡುವ ಜಾತಿಯದು. ಬೇಕೆಂದೇ ಅಡುಗೆ ಕೆಡಿಸಿದರೆ ರುಚಿಯಕ್ಕನೆಂಬ ಹೆಸರು ಹೋಗುತ್ತದೆ. ಸರದಿ ಹೋಗಬೇಕು, ಹೆಸರು ಇರಬೇಕು. ಹಾವು ಸಾಯಬೇಕು, ಕೋಲು ಮುರಿಯಬಾರದು. ಕಾಫಿ ಆರುವವರೆಗೆ ಯೋಚಿಸಿ ಅವಳು ದಾರಿ ಕಂಡುಕೊಂಡಳು: ಹಣ್ಣಿನ ಸಲಾಡ್. ಅದರಲ್ಲಿ ಅಡುಗೆಯವಳ ಕೈವಾಡವೇ ಇಲ್ಲ. ಹಣ್ಣು ಹುಳಿಯಾದರೆ ತಪ್ಪು ಮರದ್ದು.

ಮಾರುಕಟ್ಟೆಯಲ್ಲಿ ಅವಳು ಆರಿಸಿದ ರೀತಿ ನೋಡಿ ಹಣ್ಣಿನವನಿಗೇ ಸಂಕಟವಾಯಿತು. ಒತ್ತಿದರೆ ತಿರುಗಿ ಒತ್ತುವಂಥ ಮಾವು, ಬಾಗಿಲು ಬಡಿಯಲು ಬಳಸಬಹುದಾದ ಪಪ್ಪಾಯ, ಮುಖ ಗಂಟಿಕ್ಕಿಕೊಂಡ ಅನಾನಸ್. ಅಮ್ಮಾ ಇದು ಇನ್ನೂ ಕಾಯಿ, ಬೇರೆ ಕೊಡುತ್ತೇನೆ ಎಂದು ಅವನು ಬೇಡಿಕೊಂಡ. ಇವಳು ಅದೇ ಬೇಕೆಂದು ಹಟ ಹಿಡಿದಳು. ಕೊನೆಗೆ ಅವನು, ತನ್ನ ಅಂಗಡಿಯಲ್ಲಿ ಕೊಂಡದ್ದೆಂದು ಯಾರಿಗೂ ಹೇಳಬೇಡಿ ಎಂಬ ಕರಾರಿನ ಮೇಲೆ ಚೀಲಕ್ಕೆ ತುಂಬಿಕೊಟ್ಟ.

ಮನೆಗೆ ಬಂದು, ಮಣೆಯ ಮೇಲೆ ಮಾವನ್ನಿಟ್ಟು ಚಾಕು ಹಾಕಿದ್ದೇ ತಡ, ಆ ಟಕಟಕ ಸದ್ದು ಗೋಡೆಯಾಚೆ ಕೇಳಿತು. ದರ್ಜಿಯಮ್ಮ ಕೊರಳಲ್ಲಿ ಅಳತೆಪಟ್ಟಿ ತೂಗಿಸಿಕೊಂಡೇ ಒಳಗೆ ಬಂದಳು. ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಅವಳ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ರುಚಿಯಕ್ಕ, ಇದನ್ನ ಸಂಜೆ ನಾವು ತಿನ್ನಬೇಕಾ?”

“ಹಣ್ಣು ಸಿಕ್ಕಿದ್ದೇ ಹಾಗೆ. ಏನು ಮಾಡೋದು ಹೇಳಿ,” ಎಂದಳು ರುಚಿಯಕ್ಕ, ಆದಷ್ಟು ದುಃಖ ಬರಿಸಿಕೊಂಡು.

ದರ್ಜಿಯಮ್ಮ ಹೊರಟುಹೋಗಿ, ತನ್ನ ಮನೆಯಲ್ಲಿ ಹಣ್ಣಾಗಲು ಇಟ್ಟಿದ್ದ ಮಾವನ್ನೆಲ್ಲ ಸೆರಗಿನಲ್ಲಿ ತಂದು ಸುರಿದಳು. ಅವುಗಳ ಪರಿಮಳಕ್ಕೆ ಅಡುಗೆಮನೆಯೇ ಮೈಮುರಿದು ಎದ್ದಂತಾಯಿತು. ಬೇಡ ಬೇಡವೆಂದರೂ ಕೇಳದೆ ತಾನೇ ಸಿಪ್ಪೆ ಸುಲಿದು, ಬಟ್ಟೆ ಕತ್ತರಿಸುವಷ್ಟೇ ಅಚ್ಚುಕಟ್ಟಾಗಿ ಒಂದೇ ಅಳತೆಯ ಹೋಳು ಮಾಡಿ ಪಾತ್ರೆಗೆ ಹಾಕಿದಳು. ಕಾಯಿಯನ್ನೆಲ್ಲ ಉಪ್ಪಿನಕಾಯಿಗೆಂದು ಎತ್ತಿಟ್ಟಳು.

ಅವಳು ಹೋದಳೆಂದು ಬಾಗಿಲು ಹಾಕುವಷ್ಟರಲ್ಲಿ ನರ್ಸಮ್ಮ ಇಳಿದು ಬಂದಳು. ಸುದ್ದಿ ಮೆಟ್ಟಿಲು ಹತ್ತಿ ಆಗಿತ್ತು. ಅವಳು ಪಪ್ಪಾಯದ ನಾಡಿ ಹಿಡಿದು ನೋಡಿದವಳಂತೆ ಒತ್ತಿ, ಇದು ಉಳಿಯುವ ಕೇಸಲ್ಲ ಎಂದು ತೀರ್ಮಾನಿಸಿ ಬುಟ್ಟಿಗೆ ಹಾಕಿದಳು. ಆಸ್ಪತ್ರೆಯಲ್ಲಿ ಯಾರೋ ಕೊಟ್ಟಿದ್ದ ಕೆಂಪು ಪಪ್ಪಾಯ ತಂದು ಹೆಚ್ಚಿದಳು. ಮೇಲೆ ಜೇನುತುಪ್ಪ ಸುರಿದಳು, ನಿಂಬೆ ಹಿಂಡಿದಳು. ಅನಾನಸ್ ಒಂದನ್ನು ಮಾತ್ರ, ಜೇನಿನಲ್ಲಿ ನೆನೆದರೆ ಸರಿಹೋಗುತ್ತದೆಂದು ಉಳಿಸಿದಳು. ಅವಳ ಹಿಂದೆಯೇ ಅಜ್ಜಿ, ತಾರಸಿಯ ಕುಂಡದ ಪುದೀನ ಹಿಡಿದುಕೊಂಡು, ಮೊಣಕಾಲಿಗೆ ಒಂದೊಂದು ಮೆಟ್ಟಿಲಿಗೂ ಸಮಾಧಾನ ಹೇಳುತ್ತ ಬಂದರು.

“ನಿನಗೇನೂ ಕಷ್ಟ ಆಗ್ಬಾರ್ದು ಮಗಳೇ. ನಾವಿರೋದು ಯಾತಕ್ಕೆ?”

ಎಲ್ಲರೂ ಹೋದ ಮೇಲೆ ರುಚಿಯಕ್ಕ ಒಂದು ಚಮಚ ತಿಂದು ನೋಡಿದಳು. ತಂಪು, ಸಿಹಿ, ತುದಿಯಲ್ಲಿ ಚೂರೇ ಚೂರು ಹುಳಿ. ಬಿಸಿಲಲ್ಲಿ ನಡೆದು ಬಂದವರಿಗೆ ಯಾರೋ ಬೀಸಣಿಗೆ ಬೀಸಿದ ಹಾಗಿತ್ತು. ಇಂಥದ್ದು ಉಳಿಯುವುದುಂಟೇ? ಅವಳು ಇನ್ನೊಂದು ಚಮಚ ತಿಂದಳು, ಮತ್ತೊಂದು ತಿಂದಳು, ಆಮೇಲೆ ಸ್ಟೂಲಿನ ಮೇಲೆ ಕೂತು ಸಮುದ್ರವನ್ನು ನೆನೆದು ನಿಟ್ಟುಸಿರಿಟ್ಟಳು.

ಆಗ ಹೊಳೆಯಿತು. ಹುಡುಗಿಯರಾಗಿದ್ದಾಗ ಒಮ್ಮೆ ಅಕ್ಕ ಹಸಿ ಅನಾನಸ್ಸಿಗೆ ಹಾಲು ಬೆರೆಸಿ ಇಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಅದು ಎಷ್ಟು ಕಹಿಯಾಗಿತ್ತೆಂದರೆ ಬೆಕ್ಕೂ ಮೂಸಿ ನೋಡಿ ಹಿಂದೆ ಸರಿದಿತ್ತು. ರುಚಿಯಕ್ಕ ಎದ್ದು ಚಿಲಕ ಹಾಕಿದಳು. ಹಾಲಿನ ಪಾತ್ರೆಯನ್ನೂ ಕೆನೆಯ ಬಟ್ಟಲನ್ನೂ ಸಲಾಡಿಗೆ ಬಗ್ಗಿಸಿ, ಚೆನ್ನಾಗಿ ಕಲಸಿ, ತಂಪುಪೆಟ್ಟಿಗೆಯಲ್ಲಿಡದೆ ಕಿಟಕಿಯ ಬಳಿ ಬೆಚ್ಚಗೆ ಇಟ್ಟು, ತಾನು ಹೋಗಿ ಮಲಗಿದಳು. ಎಷ್ಟೋ ತಿಂಗಳ ಮೇಲೆ ಸಿಕ್ಕ ಕೂಟದ ಭಾನುವಾರದ ನಿದ್ದೆ.

ಎಬ್ಬಿಸಿದ್ದು ಗಂಡನ ಕೆಮ್ಮು. ಅವನು ಬಚ್ಚಲಲ್ಲಿ ನಾಲಿಗೆ ಚಾಚಿಕೊಂಡು ನಲ್ಲಿಯ ಕೆಳಗೆ ನಿಂತಿದ್ದ.

“ಏನೇ ಅದು? ಜ್ವರದ ಮಾತ್ರೆ ಅಗಿದ ಹಾಗಿದೆ.”

“ನಿಜವಾಗ್ಲೂ?” ಎಂದು ಅವಳು ಎದ್ದು ಓಡಿದಳು. ತಾನೂ ತಿಂದು ನೋಡಿದಳು. ನಿಜ. ಹಾಲು ಒಡೆದು ಅಲ್ಲಲ್ಲಿ ಗಟ್ಟಿಯಾಗಿತ್ತು; ಕಹಿಯು ನಾಲಿಗೆಯಿಂದ ಹೊರಟು ಕಿವಿಯ ಹಿಂದೆ ಹೋಗಿ ನಿಲ್ಲುತ್ತಿತ್ತು. ಅವಳ ಮುಖ ಅರಳಿದ್ದನ್ನು ನೋಡಿ ಗಂಡ, ಪೇಪರು ತೆಗೆದುಕೊಂಡು ಮೆಲ್ಲಗೆ ವರಾಂಡಕ್ಕೆ ಸರಿದ.

ಮೆಟ್ಟಿಲು ಹತ್ತುವಾಗ ಮಾತ್ರ ಅವಳ ಕಾಲು ಹಿಂದೇಟು ಹೊಡೆಯಿತು. ಇದುವರೆಗೆ ತಿಳಿದೂ ತಿಳಿದೂ ಯಾರಿಗೂ ಕೆಟ್ಟದ್ದನ್ನು ಬಡಿಸಿದವಳಲ್ಲ. ಆ ಮಾವು, ಆ ಜೇನು, ಆ ಪುದೀನ. ಕೊಟ್ಟವರ ಪ್ರೀತಿಗೆಲ್ಲ ತಾನು ಕಹಿ ಹಿಂಡಿದ್ದೇನೆ ಎನಿಸಿ ಅವಳು ನಡುವೆ ನಿಂತಳು. ಎಲ್ಲರೂ ಒಂದೊಂದು ಚಮಚ ತಿಂದು ಬಿಡುತ್ತಾರೆ, ಅಷ್ಟೇ ತಾನೇ? ತಪ್ಪನ್ನು ಅನಾನಸ್ಸಿನ ಮೇಲೆ ಹಾಕಿ, ಸಮುದ್ರದಿಂದ ಬರುವಾಗ ಎಲ್ಲರಿಗೂ ಏನಾದರೂ ತಂದುಕೊಟ್ಟರಾಯಿತು ಎಂದುಕೊಂಡು ಮತ್ತೆ ಹತ್ತಿದಳು.

ತಾರಸಿಯಲ್ಲಿ ಚಾಪೆ ಹಾಸಿ ಎಲ್ಲರೂ ಕಾದಿದ್ದರು. ದರ್ಜಿಯಮ್ಮನ ಜೊತೆ ಕಾಲೇಜಿಗೆ ಹೋಗುವ ಅವಳ ಮಗಳೂ ಇದ್ದಳು. ರುಚಿಯಕ್ಕ ಬಟ್ಟಲುಗಳಿಗೆ ಬಡಿಸಿ, ಉಸಿರು ಹಿಡಿದು ಕೂತಳು.

ಮೊದಲ ಚಮಚಕ್ಕೇ ದರ್ಜಿಯಮ್ಮನ ಎರಡೂ ಕಣ್ಣು ಮುಚ್ಚಿಕೊಂಡವು. ಅಜ್ಜಿಯ ಕಟ್ಟಿಸಿದ ಹಲ್ಲಿನ ಸಾಲು ಒಮ್ಮೆ ಮುಂದೆ ಬಂದು, ಇಣುಕಿ ನೋಡಿ, ಒಳಗೆ ಹೋಯಿತು. ನರ್ಸಮ್ಮ, ರೋಗಿಗಳಿಗೆ ತಾನೇ ಹೇಳಿಕೊಡುವಂತೆ, ಮೂಗು ಹಿಡಿದು ನುಂಗಿದಳು. ದರ್ಜಿಯಮ್ಮನ ಮಗಳು ಬಟ್ಟಲು ಕೆಳಗಿಟ್ಟಳು, ಗೆದ್ದೆನೆಂದುಕೊಂಡಳು ರುಚಿಯಕ್ಕ. ಆದರೆ ತಾಯಿ ಬಗ್ಗಿ ಕಿವಿಯಲ್ಲೇನೋ ಹೇಳಿದ್ದೇ, ಹುಡುಗಿ ಬೆಚ್ಚಿದವಳಂತೆ ಬಟ್ಟಲೆತ್ತಿಕೊಂಡು ಗಬಗಬ ತಿನ್ನತೊಡಗಿದಳು.

“ಹೊಸಾ ಥರ ಇದೆ,” ಎಂದಳು ದರ್ಜಿಯಮ್ಮ, ಕಣ್ಣೊರೆಸಿಕೊಳ್ಳುತ್ತ. “ಇನ್ನೊಂಚೂರು ಹಾಕಿ.”

ಬಹುಶಃ ಕೆಟ್ಟಿರಬಹುದು, ಒತ್ತಾಯಕ್ಕೆ ತಿನ್ನಬೇಡಿ ಎಂದಳು ರುಚಿಯಕ್ಕ. ಹೊಟ್ಟೆಗೆ ಒಳ್ಳೆಯದೆಂದು ನರ್ಸಮ್ಮ ಬಟ್ಟಲು ಮುಂದೆ ಮಾಡಿದಳು. ರುಚಿಯಕ್ಕ ಪಾತ್ರೆಯನ್ನು ತನ್ನ ಬೆನ್ನ ಹಿಂದೆ ಸರಿಸಿಕೊಂಡಳು. ಅಜ್ಜಿ ಊರುಗೋಲಿನ ಕೊಕ್ಕೆಯಿಂದ ಅದನ್ನು ಎಳೆದುಕೊಂಡರು. ಇವಳು ಈ ಕಡೆಯ ಹಿಡಿ, ದರ್ಜಿಯಮ್ಮ ಆ ಕಡೆಯ ಹಿಡಿ ಹಿಡಿದು ಜಗ್ಗಾಡಿದರು. ಬಟ್ಟೆಯ ಗಂಟುಗಳನ್ನು ಹೊತ್ತು ಬೆಳೆದ ಕೈ ಅದು, ದರ್ಜಿಯಮ್ಮನೇ ಗೆದ್ದಳು. ನಾಲ್ಕು ಚಮಚಗಳು ಒಟ್ಟಿಗೇ ಇಳಿದವು. ಕೊನೆಗೆ ಅಜ್ಜಿ ಪಾತ್ರೆಯನ್ನು ಓರೆ ಮಾಡಿ, ತಳದಲ್ಲಿ ಅಂಟಿದ್ದ ಪುದೀನದ ಎಲೆಯನ್ನೂ ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ತೋರಿಸಿದರು. ಖಾಲಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ರುಚಿಯಕ್ಕ ಅಳುವುದೊಂದು ಬಾಕಿ.

“ವಿಷದ ಹಾಗೆ ಕಹಿಯಾಗಿತ್ತು. ನಾನೇ ಹಾಲು ಹಾಕಿ ಕೆಡಿಸಿದ್ದು. ಇನ್ನೂ ಎರಡು ಸಲ ಹಾಕಿಸಿಕೊಂಡು ತಿಂದ್ರಲ್ಲ, ನಿಮಗೆಲ್ಲ ಏನಾಗಿದೆ?”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರ್ಸಮ್ಮನಿಗೆ ಮೊದಲು ನಗೆ ತಡೆಯಲಾಗಲಿಲ್ಲ. ಅಜ್ಜಿ ಅವಳಿಗೆ ಸುಮ್ಮನಿರೆಂದು ಸನ್ನೆ ಮಾಡಲು ಹೋಗಿ ತಾವೇ ನಕ್ಕುಬಿಟ್ಟರು.

“ಉಳಿದಿದ್ರೆ ಸರದಿ ದರ್ಜಿಯಮ್ಮನಿಗೆ ಬರ್ತಿತ್ತು ಮಗಳೇ. ಅವಳದು ಉಳಿದ್ರೆ ನರ್ಸಮ್ಮನಿಗೆ, ಆಮೇಲೆ ನನಗೆ. ಈ ಮೊಣಕಾಲು ಇಟ್ಕೊಂಡು ನಾನು ಒಲೆ ಮುಂದೆ ನಿಲ್ಲೋದಾ?”

ರುಚಿಯಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಹಾಗಾದ್ರೆ ಆ ಕ್ಯಾರೆಟ್ ಕೇಕು?”

“ನಡುವೆ ಬೆಂದಿರಲಿಲ್ಲ,” ಎಂದಳು ನರ್ಸಮ್ಮ ತಲೆ ತಗ್ಗಿಸಿ.

“ಬಿಸ್ಕತ್ತು?”

ದರ್ಜಿಯಮ್ಮ ಬಾಯಿ ತೆರೆದು, ದವಡೆಯಲ್ಲಿ ಹೊಸದಾಗಿ ಕೂಡಿಸಿದ ಹಲ್ಲನ್ನು ಬೆರಳಲ್ಲಿ ತೋರಿಸಿದಳು.

ಕಟ್ಲೆಟ್ಟಿನ ಸುದ್ದಿ ಕೇಳುವ ಧೈರ್ಯ ರುಚಿಯಕ್ಕನಿಗೆ ಬರಲಿಲ್ಲ. ಅವಳು ಕೋಪ ಮಾಡಿಕೊಳ್ಳಲೆಂದು ಎದ್ದು ನಿಂತಳು. ಆದರೆ ಅವರ ನಾಲಿಗೆಗಳೆಲ್ಲ ಕಹಿಗೆ ಇನ್ನೂ ಸುರುಟಿಕೊಂಡಿದ್ದವು, ಹುಡುಗಿ ಮೂಲೆಯಲ್ಲಿ ನೀರಿನ ಹೂಜಿಯನ್ನೇ ಅಪ್ಪಿಕೊಂಡಿದ್ದಳು. ಇಷ್ಟು ತಿಂಗಳು ಇವರು ಪಟ್ಟ ಪಾಡು ಕಣ್ಣಿಗೆ ಕಟ್ಟಿ, ಕೋಪ ಬರುವ ಜಾಗದಲ್ಲಿ ನಗು ಬಂತು. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ಕೂತು, ಆ ಸಲಿಗೆಯಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು: ಅಕ್ಕನ ಫೋನು, ಸಮುದ್ರ, ಸುಮ್ಮನೆ ಕೂತಿರುವ ಆಸೆ. ಅದೊಂದು ಭಾನುವಾರ ತನ್ನನ್ನು ಬಿಟ್ಟುಕೊಡಿ ಎಂದಳು. ಮೊಟ್ಟಮೊದಲ ಬಾರಿಗೆ ‘ನನ್ನಿಂದಾಗದು’ ಎಂಬ ಮಾತೂ ಬಾಯಿಂದ ಹೊರಬಿತ್ತು.

“ಸಮುದ್ರಕ್ಕಾ?” ಅಜ್ಜಿಯ ಮುಖ ಬೆಳಗಿತು. “ಮೊದಲೇ ಹೇಳ್ಬಾರ್ದಾ ಮಗಳೇ. ಈ ತಾರಸಿ ಮೇಲೆ ಕೂತು ಕೂತು ನಮಗೂ ಸಾಕಾಗಿದೆ. ಮುಂದಿನ ಕೂಟ ಅಲ್ಲೇ.”

ನರ್ಸಮ್ಮನಿಗೆ ವ್ಯಾನು ಇಟ್ಟುಕೊಂಡವರ ಪರಿಚಯವಿತ್ತು. ದರ್ಜಿಯಮ್ಮ ಕೂತ ಕಡೆಯಲ್ಲೇ ನೆರಳಿಗೆ ಎಷ್ಟು ಬಟ್ಟೆ ಬೇಕೆಂದು ಅಳತೆಪಟ್ಟಿ ಬಿಚ್ಚಿದಳು. ಹುಡುಗಿ ತನ್ನ ಗೆಳತಿಯರನ್ನೂ ಕರೆಯುವುದಾಗಿ ಹೇಳಿದಳು. ನಿನ್ನ ಅಕ್ಕನನ್ನು ನಾವೂ ನೋಡಿದ ಹಾಗಾಯಿತು ಎಂದರು ಅಜ್ಜಿ. ನೋಡನೋಡುತ್ತ ರುಚಿಯಕ್ಕನ ಸಮುದ್ರದ ದಂಡೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

“ಮತ್ತೆ ಬುತ್ತಿ?” ಎಂದಳು ಅವಳು ಮೆಲ್ಲಗೆ.

“ಸರದಿ ನಿಮ್ಮದೇ ಅಲ್ವಾ?” ದರ್ಜಿಯಮ್ಮ ಖಾಲಿ ಪಾತ್ರೆಯನ್ನು ತಂದು ಅವಳ ಮಡಿಲಲ್ಲಿಟ್ಟು, ಪ್ರೀತಿಯಿಂದ ಬೆನ್ನು ಸವರಿದಳು. “ಏನು ಬೇಕಾದ್ರೂ ಮಾಡ್ಕೊಂಡು ಬನ್ನಿ ರುಚಿಯಕ್ಕ. ತಿಂದೇ ತಿಂತೀವಿ.”