ಮಂಡಳಿ ಮೆಚ್ಚಿದ ಮೂಗು

ಬೆಳಗ್ಗೆ ಆರೂವರೆಗೆ ಮಗಳು ಹಾಸಿಗೆಯಿಂದಲೇ ಕೂಗಿದಳು. "ಅಮ್ಮಾ, ಮನೆಯೆಲ್ಲಾ ಮುಲಾಮಿನ ಘಾಟು! ಯಾರು ಹಚ್ಕೊಂಡಿದ್ದು?"

ಬರೀ ನೀರು ಹಚ್ಚಿ ಗಡ್ಡ ಹೆರೆದುಕೊಳ್ಳುತ್ತಿದ್ದ ಮೂಗುಸಾಹೇಬರ ಕೈ ಕೆನ್ನೆಯ ಮೇಲೇ ನಿಂತಿತು. ಅವರಿಗೆ ಯಾವ ಘಾಟೂ ಬಂದಿರಲಿಲ್ಲ. ಬಲಮೊಣಕಾಲನ್ನು ಎತ್ತಿ ಮೂಗಿನ ಹತ್ತಿರ ತರಲು ನೋಡಿದರು. ಮೊಣಕಾಲು ಒಪ್ಪಲಿಲ್ಲ. ಬೆರಳಿನಿಂದ ಅದನ್ನು ಒರೆಸಿ ಮೂಸಿದರು. ಬೆರಳು ಅಂಟಂಟಾಗಿತ್ತು, ವಾಸನೆ ಮಾತ್ರ ಸೊನ್ನೆ.

"ನನ್ನ ಮಂಡಿಗೆ ಮುಲಾಮು ಹಚ್ಚಿದ್ಯಾ?" ಎಂದು ಹೆಂಡತಿಯನ್ನು ಕೇಳಿದರು.

"ನಿದ್ದೇಲಿ ನರಳ್ತಾ ಇದ್ರಿ. ಪಾಪ ಅಂತ ಹಚ್ಚಿದೆ."

"ಇವತ್ತು ಪರೀಕ್ಷೆ ಅಂತ ವಾರದಿಂದ ಬಡ್ಕೊಂಡಿದೀನಲ್ಲೇ! ಮುಲಾಮು, ಸೆಂಟು, ಸೋಪು, ಒಂದೂ ಮೈಮೇಲೆ ಇರಬಾರದು ಅಂತ!"

"ಈಗ ನೀವು ಕೂಗಾಡ್ತಿರೋದು ಮುಲಾಮು ಹಚ್ಚಿದ್ದಕ್ಕೋ, ಅದರ ವಾಸನೆ ಬರಲಿಲ್ಲ ಅಂತಲೋ?"

ಉತ್ತರಕ್ಕೆ ಬದಲು ಸಾಹೇಬರು ಸೀನಿದರು. ಒಂದಲ್ಲ, ಮೂರು.

"ಮೂಗು ಇರೋ ತನಕ ನೆಗಡಿ ತಪ್ಪಿದ್ದಲ್ಲ" ಎಂದು ಹೇಳಿ ಹೆಂಡತಿ ಒಲೆಯ ಕಡೆ ಹೋದಳು. ಬೇರೆ ಮನೆಗಳಲ್ಲಿ ಇದು ಸಮಾಧಾನದ ಮಾತು. ಈ ಮನೆಯಲ್ಲಿ ಅನ್ನಕ್ಕೆ ಸಂಬಂಧಪಟ್ಟದ್ದು.

ಸಾಹೇಬರು ಎಂದರೆ ದೊಡ್ಡ ಹುದ್ದೆ ಎಂದು ತಿಳಿಯಬೇಕಿಲ್ಲ. ಊರಿನ ಮನೆಗಳಿಗೆ ಕೊಳವೆಯಲ್ಲಿ ಅನಿಲ ಹರಿಸುವ ಕಚೇರಿಯಲ್ಲಿ ಅವರು ವಾಸನೆ ನೋಡುವವರು. ಭೂಮಿಯೊಳಗಿಂದ ಬರುವ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ಜನಕ್ಕೆ ಗೊತ್ತಾಗಲಿ ಎಂದು ಅದಕ್ಕೊಂದು ನಾರುವ ಮದ್ದು ಬೆರೆಸುತ್ತಾರೆ. ಮದ್ದು ಸರಿಯಾಗಿ ಬಿದ್ದಿದೆಯೇ ಎಂಬುದನ್ನು ವಾರಕ್ಕೊಮ್ಮೆ ಒಬ್ಬ ಮನುಷ್ಯ ತನ್ನ ಸ್ವಂತ ಮೂಗಿನಿಂದ ನೋಡಿ ಬರೆದಿಡಬೇಕೆಂದು ಸುರಕ್ಷತಾ ಮಂಡಳಿಯ ನಿಯಮ. ಆ ಮೂಗು ನೆಟ್ಟಗಿದೆಯೇ ಎಂದು ವರ್ಷಕ್ಕೊಮ್ಮೆ ಮಂಡಳಿಯವರೇ ಬಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಸಾಹೇಬರ ಮನೆಯ ಗೋಡೆಯ ಮೇಲೆ ಅಂಥ ಐದು ಪತ್ರಗಳು ಗಾಜು ಹಾಕಿಸಿಕೊಂಡು ನೇತಾಡುತ್ತಿದ್ದವು.

ನೆಗಡಿ ಇದ್ದವರು ಪರೀಕ್ಷೆ ಮುಂದೂಡಿಸಿಕೊಳ್ಳಬಹುದು, ಆದರೆ ಒಂದೇ ಸಲ. ಆ ಒಂದು ಸಲವನ್ನು ಸಾಹೇಬರು ಹೋದ ತಿಂಗಳ ನೆಗಡಿಗೆ ಖರ್ಚು ಮಾಡಿಬಿಟ್ಟಿದ್ದರು. ಇನ್ನೊಮ್ಮೆ ತಪ್ಪಿದರೆ ಮೂಗು ರದ್ದು, ಕುರ್ಚಿ ರದ್ದು, ನೇರ ಲೈನ್ ಗಸ್ತಿಗೆ ವರ್ಗ. ಗಸ್ತು ಎಂದರೆ ಕೊಳವೆ ಹೂತ ದಾರಿಗುಂಟ ದಿನಕ್ಕೆ ಹದಿನೆಂಟು ಕಿಲೋಮೀಟರ್ ನಡಿಗೆ. ಸಾಹೇಬರ ಬಲಮೊಣಕಾಲು ಮನೆಯ ಎರಡು ಮಹಡಿ ಇಳಿಯುವುದಕ್ಕೇ ನಡುವೆ ಎರಡು ಸಲ ವಿಶ್ರಾಂತಿ ಕೇಳುತ್ತಿತ್ತು.

ಮಂಡಿಯನ್ನು ಬರೀ ನೀರಲ್ಲಿ ಏಳು ಸಲ ತೊಳೆದು ಹೊರಟರು. ಮೊದಲ ವಿಶ್ರಾಂತಿಯ ಜಾಗದಲ್ಲೇ ಭಾವಮೈದುನ ಕಾದು ನಿಂತಿದ್ದ. ಹೆಂಡತಿಯ ತಮ್ಮ, ಕೆಳಗಿನ ಮನೆಯವನು, ಸಾಹೇಬರ ಕಚೇರಿಯ ಕ್ಯಾಂಟೀನು ನಡೆಸುವವನೂ ಅವನೇ. ಕೈಯಲ್ಲಿ ದೊಡ್ಡ ಪಾತ್ರೆ, ಪಾತ್ರೆಯ ತುಂಬ ಬೇಯಿಸಿ ಹಿಚುಕಿದ ಆಲೂಗಡ್ಡೆ.

"ಭಾವ, ಫ್ರಿಜ್ಜು ಕೆಟ್ಟು ಕೂತಿದೆ. ಇದು ನಿನ್ನೆ ಮಧ್ಯಾಹ್ನದ್ದು. ಸ್ವಲ್ಪ ಮೂಸಿ ನೋಡಿ, ಹಳಸಿದೆಯಾ?"

"ನಿನಗೆ ಮೂಗಿಲ್ವೇನೋ?"

"ಮೂಗಿದೆ ಭಾವ. ಸರ್ಟಿಫಿಕೇಟ್ ಇಲ್ವಲ್ಲ."

ನೆಗಡಿ ಎಂದು ಹೇಳುವ ಹಾಗಿರಲಿಲ್ಲ. ಇವನ ಕಿವಿಗೆ ಬಿದ್ದ ಮಾತು ಕ್ಯಾಂಟೀನಿನ ಎಲ್ಲ ಮೇಜಿಗೂ ಟೀ ಜೊತೆ ಹೋಗುತ್ತದೆ. ಸಾಹೇಬರು ಗಂಭೀರವಾಗಿ ಪಾತ್ರೆಯ ಮೇಲೆ ಬಗ್ಗಿದರು, ಕಣ್ಣು ಮುಚ್ಚಿದರು, ಉಸಿರೆಳೆದರು.

"ಏನೂ ವಾಸನೆ ಇಲ್ಲ" ಎಂದರು. ಅವರ ಮಟ್ಟಿಗೆ ಅದು ಅಪ್ಪಟ ಸತ್ಯ.

"ನಿಮ್ಮ ಬಾಯಲ್ಲಿ ಬಂದ್ಮೇಲೆ ಮುಗೀತು" ಎಂದು ಭಾವಮೈದುನ ಪಾತ್ರೆ ಹೊತ್ತುಕೊಂಡು ಉತ್ಸಾಹದಿಂದ ಇಳಿದುಹೋದ.

ನೆಗಡಿಯನ್ನು ಮುಚ್ಚಿಡಬಹುದು, ಸೀನನ್ನು ಮುಚ್ಚಿಡಲಾಗುವುದಿಲ್ಲ. ಕಚೇರಿಯ ಗೇಟಿನಲ್ಲಿ ಎರಡು, ಹಾಜರಿ ಪುಸ್ತಕದ ಮೇಲೆ ಒಂದು ಬಿದ್ದೇಬಿಟ್ಟವು. ನೆಗಡಿಗೆ ಮದ್ದು ಗೊತ್ತಿಲ್ಲದ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಕಾವಲಿನವನು ಕೆಟಲಿನ ಹಬೆ ಹಿಡಿಸಿದ. ಟೈಪಿಸ್ಟ್ ಅಕ್ಕ ಮೆಣಸಿನ ಪುಡಿ ಮೂಸಿಸಿದರು. ಡ್ರೈವರ್ "ತಲೆ ಕೆಳಗೆ ಮಾಡಿ ಬಗ್ಗಿ ನಿಲ್ಲಿ, ಎಲ್ಲಾ ಇಳಿದುಹೋಗುತ್ತೆ" ಎಂದು ಬಗ್ಗಿಸಿ ನಿಲ್ಲಿಸಿದ. ಇಳಿಯಬೇಕಾದದ್ದು ಇಳಿಯಲಿಲ್ಲ, ಸೊಂಟ ಹಿಡಿಯಿತು. ಅರ್ಧ ಗಂಟೆಯಲ್ಲಿ ಸಾಹೇಬರ ಮೂಗು ಟೊಮೆಟೊ ಹಣ್ಣಿನ ಬಣ್ಣಕ್ಕೆ ತಿರುಗಿ, ಒಳಗೆ ಇನ್ನೂ ಭದ್ರವಾಗಿ ಮುಚ್ಚಿಕೊಂಡಿತು.

ಕೊನೆಗೆ ದಾರಿ ತೋರಿಸಿದವನು ಮನೆಮನೆಯ ಮೀಟರ್ ಓದುವ ಮೀಟರಣ್ಣ.

"ನಿಯಮ ಓದಿದೀರಾ ಸಾಹೇಬ್ರೆ? ಪರೀಕ್ಷೆಗೆ ಕಚೇರಿ ಕಡೆಯಿಂದ ಒಬ್ಬ ಸಾಕ್ಷಿ ಇರಬೇಕು. ಈ ಸಲ ಸಾಕ್ಷಿ ಯಾರು? ನಾನು. ಪೆಟ್ಟಿಗೆ ಹಿಂದೆ ನಿಂತ್ರೆ ಹೊರಗೆ ಬರೋ ಗಾಳಿ ನನ್ನ ಮೂಗಿಗೂ ಹೊಡಿಯುತ್ತೆ. ವಾಸನೆ ಬಂದ ತಕ್ಷಣ ನಾನು ಕನ್ನಡಕ ಮೇಲಕ್ಕೆ ತಳ್ತೀನಿ. ನೀವು 'ಬಂತು' ಅನ್ನಿ. ಮುಗೀತು."

ಸಾಹೇಬರ ಕಣ್ಣಲ್ಲಿ ನೀರು ಬಂತು. ಅರ್ಧ ಕೃತಜ್ಞತೆಗೆ, ಅರ್ಧ ಮೆಣಸಿಗೆ.

ಹತ್ತು ಗಂಟೆಗೆ ಮಂಡಳಿಯ ಮೇಡಂ ಬಂದರು. ಹತ್ತೊಂಬತ್ತು ವರ್ಷದಿಂದ ತಪಾಸಣೆ ಮಾಡುತ್ತಿರುವವರು. ಇಷ್ಟರಲ್ಲಿ ಒಮ್ಮೆಯೂ ನಕ್ಕದ್ದಕ್ಕೆ ದಾಖಲೆ ಇಲ್ಲ. ಬೆಂಕಿ ಆರಿಸುವ ಸಿಲಿಂಡರಿನ ಧೂಳನ್ನು ಬೆರಳಲ್ಲಿ ಒರೆಸಿ ನೋಡಿ ಬರೆದುಕೊಂಡರು. ಗೋಡೆಯ ಗಡಿಯಾರ ಎರಡು ನಿಮಿಷ ಹಿಂದಿರುವುದನ್ನು ಬರೆದುಕೊಂಡರು. ಆಮೇಲೆ ಗಾಳಿಯನ್ನು ಮೂಸಿದರು.

"ಇಲ್ಲಿ ಯಾರೋ ಮುಲಾಮು ಹಚ್ಚಿದಾರೆ."

"ನಾನೇ ಮೇಡಂ. ಬೆನ್ನು" ಎಂದ ಮೀಟರಣ್ಣ. ಸ್ನೇಹಿತನೆಂದರೆ ಹೀಗಿರಬೇಕು ಎಂದುಕೊಂಡ ಸಾಹೇಬರು ಮೊಣಕಾಲನ್ನು ಮೇಜಿನ ಕೆಳಗೆ ಇನ್ನಷ್ಟು ಒಳಗೆ ಎಳೆದುಕೊಂಡರು.

ಮ್ಯಾನೇಜರ್ ಕ್ಯಾಂಟೀನಿನಿಂದ ಟೀ ತರಿಸಿದರು, ಜೊತೆಗೆ ಆಲೂಗಡ್ಡೆ ತುಂಬಿ ಖಾರವಾಗಿ ಹುರಿದ ಬ್ರೆಡ್ಡು. ಬೆಳಗಿನ ತಿಂಡಿ ತಿನ್ನದೆ ಬಂದಿದ್ದ ಮೇಡಂ ಎರಡು ತಿಂದರು. ಮರ್ಯಾದೆಗೆಂದು ಜೊತೆ ಕೊಟ್ಟ ಮೀಟರಣ್ಣ ನಾಲ್ಕು ತಿಂದ. ಪರೀಕ್ಷೆಗೆ ಮುಂಚೆ ಏನೂ ತಿನ್ನಬಾರದೆಂಬ ನಿಯಮ ಇದ್ದುದರಿಂದ ಸಾಹೇಬರು ನೋಡುತ್ತ ಕುಳಿತರು.

ಕಡತಗಳೆಲ್ಲ ಮುಗಿಯುವ ಹೊತ್ತಿಗೆ ಒಂದೂವರೆ. ವಾಸನೆ ಕೋಣೆಯಲ್ಲಿ ಸಾಹೇಬರ ಮುಂದೆ ಒಂದು ಅರ್ಜಿ ಬಂತು. ನಾಲ್ಕನೆಯ ಪ್ರಶ್ನೆ: ನೆಗಡಿ ಇದೆಯೇ? ಸಾಹೇಬರು 'ಇಲ್ಲ' ಎಂದು ಬರೆದು, ಕಾಗದದ ಮೇಲೆ ಬಿದ್ದ ಹನಿಯನ್ನು ಅಂಗಿಯ ತೋಳಿನಿಂದ ಒರೆಸಿದರು.

ಕೋಣೆಯಲ್ಲಿದ್ದದ್ದು ಒಂದು ತಗಡಿನ ಪೆಟ್ಟಿಗೆ. ಒಂದು ಕಡೆಯಿಂದ ಗಾಳಿ, ಇನ್ನೊಂದು ಕಡೆಯಿಂದ ಅನಿಲ, ಮುಂದೆ ಮೂಗಿಡಲು ಒಂದು ಆಲಿಕೆ. ಮೇಡಂ ತಿರುಪು ತಿರುಗಿಸಿದಂತೆ ಗಾಳಿಗೆ ಅನಿಲ ಸ್ವಲ್ಪಸ್ವಲ್ಪವೇ ಬೆರೆಯುತ್ತದೆ. ವಾಸನೆ ಬಂದ ಕ್ಷಣ ಮೂಗಿನವರು 'ಬಂತು' ಅನ್ನಬೇಕು. ಆಗ ಮುಳ್ಳು ನೂರು ಪಾಲಿಗೆ ಒಂದು ಪಾಲಿನೊಳಗೆ ಇದ್ದರೆ ಪಾಸು. ಸಾಮಾನ್ಯ ಮೂಗಿಗೆ ಅರ್ಧ ಪಾಲಿನ ಹತ್ತಿರ ತಿಳಿಯುತ್ತದೆ. ಮುಳ್ಳು ಕಾಣುವುದು ಮೇಡಂಗೆ ಮಾತ್ರ. ಹೀಗೆ ಮೂರು ಸಲ.

ಮೊದಲನೆಯ ಸಲ. ತಿರುಪು ತಿರುಗಿತು. ಮೀಟರಣ್ಣ ಕನ್ನಡಕ ಮೇಲಕ್ಕೆ ತಳ್ಳಿದ.

"ಬಂತು" ಎಂದರು ಸಾಹೇಬರು.

"ಪಾಯಿಂಟ್ ಐದು" ಎಂದು ಮೇಡಂ ಬರೆದುಕೊಂಡರು.

ಎರಡನೆಯ ಸಲಕ್ಕೆ ಮೇಡಂ ತಿರುಪಿನ ಮೇಲೆ ಕೈಯಿಡುವ ಮುಂಚೆ ಮೀಟರಣ್ಣನ ಹಣೆ ಬೆವರಿತು. ಅವನ ಒಂದು ಕೈ ಹೊಟ್ಟೆಗೆ ಹೋಯಿತು, ಇನ್ನೊಂದೂ ಹೋಯಿತು. "ಒಂದ್ನಿಮಿಷ ಮೇಡಂ" ಎಂದವನು ಕನ್ನಡಕ ಬಿದ್ದದ್ದನ್ನೂ ನೋಡದೆ ಓಡಿದ.

ಸಾಹೇಬರು ಆಲಿಕೆಯಿಂದ ಮೂಗು ತೆಗೆದರು. "ಸಾಕ್ಷಿ ಬರಲಿ ಮೇಡಂ, ನಿಯಮ ಇದೆಯಲ್ಲ?" ಎಂದರು.

"ಸಾಕ್ಷಿ ಒಂದು ಸಲಕ್ಕೆ ಇದ್ರೆ ಸಾಕು. ಆರನೇ ಪುಟ." ಮೇಡಂ ತಿರುಪು ಹಿಡಿದರು.

ಆಲಿಕೆಗೆ ಮೂಗು ಕೊಟ್ಟ ಸಾಹೇಬರಿಗೆ ಈಗ ಉಳಿದ ಆಸರೆ ಒಂದೇ, ಮೇಡಂ ಮುಖ. ಎಷ್ಟೆಂದರೂ ಅದರಲ್ಲೂ ಒಂದು ಮೂಗಿದೆ. ರೆಪ್ಪೆ ಬಡಿಯದೆ ನೋಡಿದರು. ತಿರುಪು ಅಲುಗಿತೋ ಇಲ್ಲವೋ, ಮೇಡಂ ಹುಬ್ಬು ಗಂಟಿಕ್ಕಿತು, ಮೂಗು ಸೊಟ್ಟಗಾಯಿತು, ತುಟಿ ಬಿಗಿಯಿತು.

"ಬಂತು!"

ಮೇಡಂ ಮುಳ್ಳು ನೋಡಿದರು. ಮುಳ್ಳಿಗೆ ಬೆರಳಿನಿಂದ ಕುಟ್ಟಿ ಮತ್ತೆ ನೋಡಿದರು. "ಖಚಿತಾನಾ?"

"ಅನುಮಾನವೇ ಇಲ್ಲ ಮೇಡಂ."

ಮೂರನೆಯ ಸಲ ಮೇಡಂ ತಿರುಪನ್ನು ಮುಟ್ಟಿದ್ದಷ್ಟೇ. ಅವರ ಮುಖ ಹಿಂಡಿದ ಬಟ್ಟೆಯ ಹಾಗಾಯಿತು.

"ಬಂತು ಬಂತು!"

ಮೇಡಂ ಅಂಕಿ ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿಯನ್ನು ಮೇಜಿನೊಳಗೆ ಸರಿಸಿ, "ಐದು ನಿಮಿಷ" ಎಂದು ಶಾಂತವಾಗಿ ಬಾಗಿಲು ದಾಟಿದರು. ಬಾಗಿಲಿನ ಆಚೆ ಓಡುವ ಹೆಜ್ಜೆ ಕೇಳಿಸಿತು.

ಆಗ ಸಾಹೇಬರಿಗೆ ಆಲೂಗಡ್ಡೆ ನೆನಪಾಯಿತು. ತಾವೇ ಮೂಸಿ ಒಪ್ಪಿದ್ದು. ಆದರೂ ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ, ಪರೀಕ್ಷೆಯಂತೂ ಮುಗಿದಿತ್ತು. ಮೇಜಿನ ಕೆಳಗೆ ಮೊಣಕಾಲನ್ನು ತಟ್ಟಿ, "ಇನ್ನೊಂದು ವರ್ಷ ಕೂತಿರು" ಎಂದರು.

ಮೇಡಂ ಬಂದದ್ದು ಅರ್ಧ ಗಂಟೆಯ ಮೇಲೆ, ಸುಣ್ಣದ ಗೋಡೆಯಂಥ ಮುಖ ಹೊತ್ತು. ಮ್ಯಾನೇಜರನ್ನೂ ಕರೆಸಿದರು.

"ಹತ್ತೊಂಬತ್ತು ವರ್ಷದಲ್ಲಿ ಇಂಥ ಮೂಗು ನೋಡಿಲ್ಲ. ಎರಡನೇ ಸಲ ಪಾಯಿಂಟ್ ಸೊನ್ನೆ ನಾಲ್ಕು. ಮೂರನೇ ಸಲ ಪಾಯಿಂಟ್ ಸೊನ್ನೆ ಎರಡು. ನಿಮ್ಮ ಸೋರಿಕೆ ಹಿಡಿಯೋ ಯಂತ್ರ ಇದೆಯಲ್ಲ, ಅದಕ್ಕೆ ಇಷ್ಟರಲ್ಲಿ ಎಚ್ಚರಾನೇ ಆಗಲ್ಲ."

ಮ್ಯಾನೇಜರ್ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಸಾಹೇಬರು ತಮ್ಮದನ್ನು ಒರೆಸಿಕೊಂಡು ವಿನಯದಿಂದ ನೆಲ ನೋಡಿದರು.

"ಇಂಥ ಮೂಗನ್ನ ವಾರಕ್ಕೊಂದು ಗಂಟೆ ಕೋಣೇಲಿ ಕೂರಿಸಿದೀರಿ. ಅಲ್ಲಿ ಹದಿನೆಂಟು ಕಿಲೋಮೀಟರ್ ಕೊಳವೆ ಮೇಲೆ ಮಾಮೂಲಿ ಮೂಗಿನವರು ಓಡಾಡ್ತಿದಾರೆ." ಮೇಡಂ ಬರೆಯುತ್ತ ಓದಿದರು. "ಲೋಪ ಸಂಖ್ಯೆ ಮೂರು. ಮೂಗಿನ ಅನುಚಿತ ಬಳಕೆ. ನಾಳೆ ಬೆಳಗ್ಗೆಯಿಂದ ಇವರನ್ನ ಲೈನ್ ಗಸ್ತಿಗೆ ಹಾಕಿ. ಈ ಕುರ್ಚಿಗೆ ಮಾಮೂಲಿ ಮೂಗು ಸಾಕು. ಆ ಮೀಟರ್ ಓದೋರನ್ನ ಕೂರಿಸಿ."

ಸಾಹೇಬರ ಬಾಯಿಂದ ಗೋಳಾಟವೇ ಹೊರಟಿತು.

"ಮೇಡಂ, ನಿಜ ಹೇಳಿಬಿಡ್ತೀನಿ. ನನಗೆ ನೆಗಡಿ! ಬೆಳಗ್ಗೆಯಿಂದ ಮೂಗು ಸತ್ತುಬಿದ್ದಿದೆ!"

"ಲೈನಿಗೆ ಹೋಗಿ ಅಂದ ತಕ್ಷಣ ನೆಗಡಿ ಬರೋದನ್ನ ಬೇಕಾದಷ್ಟು ನೋಡಿದೀನಿ."

"ಮೇಡಂ, ಮಗಳಾಣೆ..." ಎನ್ನುವಷ್ಟರಲ್ಲಿ ಮೇಡಂ ಬಂದಾಗಿನಿಂದ ತಡೆದಿಟ್ಟುಕೊಂಡಿದ್ದದ್ದೆಲ್ಲ ಒಟ್ಟಿಗೆ ಬಂತು. ಐದು ಸೀನು, ಅದೂ ಲೋಪಗಳ ಪಟ್ಟಿಯ ಮೇಲೆ.

ಮೇಡಂ ಕಾಗದ ಝಾಡಿಸಿದರು. ಸಾಹೇಬರ ಕೆಂಪು ಮೂಗನ್ನು, ನೀರು ಸುರಿಯುವ ಕಣ್ಣನ್ನು ನಿಧಾನವಾಗಿ ನೋಡಿದರು. ಉಳಿದ ನಿಜವನ್ನೂ ಹೇಳಿಬಿಡೋಣವೇ ಎಂದು ಸಾಹೇಬರಿಗೆ ಅನ್ನಿಸಿತು. ಆದರೆ ನಿಮ್ಮ ಮುಖ ಸೊಟ್ಟಗಾದದ್ದನ್ನು ನೋಡಿ 'ಬಂತು' ಅಂದೆ ಎಂದರೆ, ಅದು ಸೊಟ್ಟಗಾದದ್ದು ಯಾಕೆಂಬುದೂ ಬರುತ್ತದೆ. ಅಲ್ಲಿಂದ ಆಲೂಗಡ್ಡೆ, ಆಲೂಗಡ್ಡೆಯಿಂದ ಭಾವಮೈದುನ, ಅವನಿಂದ ಹೆಂಡತಿ. ಸಾಹೇಬರು ಬಾಯಿ ಮುಚ್ಚಿಕೊಂಡರು.

"ನಿಜಕ್ಕೂ ನೆಗಡಿ" ಎಂದರು ಮೇಡಂ.

"ಹೌದು ಮೇಡಂ!"

"ಇಷ್ಟು ನೆಗಡಿ ಇಟ್ಕೊಂಡು ಪಾಯಿಂಟ್ ಸೊನ್ನೆ ಎರಡು." ಮೇಡಂ ದನಿಯಲ್ಲಿ ಮೊದಲ ಸಲ ಭಕ್ತಿಯಂಥದ್ದೇನೋ ಕೇಳಿಸಿತು. "ವಾಸಿಯಾದ್ಮೇಲೆ ಹೆಂಗಿರಬೇಡ!"

ಹದಿನೆಂಟು ಎಂಬುದನ್ನು ಹೊಡೆದು ಇಪ್ಪತ್ತೇಳು ಎಂದು ಬರೆದರು. ಪಕ್ಕದ ಬಡಾವಣೆಯ ಕೊಳವೆಯೂ ಸೇರಿತು. ಕೆಳಗೆ ಇನ್ನೊಂದು ಸಾಲು: ಸದರಿ ಮೂಗಿನವರು ಕೆಲಸದ ದಿನಗಳಲ್ಲಿ ಯಾವುದೇ ಮುಲಾಮು ಬಳಸತಕ್ಕದ್ದಲ್ಲ.

ಸಂಜೆ ಸಾಹೇಬರು ಕಾಗದದಲ್ಲಿ ಸುತ್ತಿದ ಹೊಸ ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದರು. ಅರ್ಧ ದಾರಿಯಲ್ಲಿ ಮೊಣಕಾಲು ಎಂದಿನಂತೆ ವಿಶ್ರಾಂತಿ ಕೇಳಿತು. ಕೊಟ್ಟರು. ಮೆಟ್ಟಿಲ ಮೇಲೆ ಕೂತು, ನಾಳೆ ಇದನ್ನು ಯಾರಲ್ಲಿ ಕೇಳುತ್ತೀಯೆ ಎಂದು ಅದನ್ನೇ ನೋಡುತ್ತಿದ್ದಾಗ ಕೆಳಗಿನ ಮನೆಯ ಬಾಗಿಲು ತೆರೆಯಿತು.

"ಭಾವ, ಒಳ್ಳೇ ಹೊತ್ತಿಗೆ ಬಂದ್ರಿ. ಇವತ್ತು ಏನಾಯ್ತೋ, ಮಧ್ಯಾಹ್ನದ ಮೇಲೆ ಕ್ಯಾಂಟೀನಿಗೆ ಒಬ್ಬರೂ ಬರಲಿಲ್ಲ. ಅರ್ಧ ಪಾತ್ರೆ ಉಳಿದುಬಿಟ್ಟಿದೆ. ನಾಳೆಗೆ ಆಗುತ್ತಾ, ಸ್ವಲ್ಪ ನೋಡಿ."

ಅವನು ಮುಚ್ಚಳ ತೆಗೆದು ಪಾತ್ರೆಯನ್ನು ನೇರ ಮುಖದ ಕೆಳಗೇ ಹಿಡಿದ. ಅದೇ ಕ್ಷಣಕ್ಕೆ, ಇಡೀ ದಿನ ಹಬೆಗೂ ಮೆಣಸಿಗೂ ಜಗ್ಗದ ಮೂಗು ತಾನಾಗಿಯೇ ತೆರೆದುಕೊಂಡಿತು. ಸಾಹೇಬರ ಹುಬ್ಬು ಗಂಟಿಕ್ಕಿತು, ಮೂಗು ಸೊಟ್ಟಗಾಯಿತು, ತುಟಿ ಬಿಗಿಯಿತು.

"ಏನ್ ಭಾವ?"

"ಬಂತು" ಎಂದರು ಸಾಹೇಬರು.