ಸರ್ಕಾರ ಉರುಳಿಸಿದ ಕತ್ತು

ಒಬ್ಬ ಜವಾನನ ಕತ್ತು ಹಿಡಿದುಕೊಂಡದ್ದರಿಂದ ಒಂದು ದೇಶದ ಸರ್ಕಾರವೇ ಉರುಳಿಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಂಬದವರು ಎದ್ದು ಹೋಗಬಹುದು. ಕ್ಷೌರಕ್ಕೆ ಕಾಯುವ ಈ ಬೆಂಚಿನಲ್ಲಿ ನನಗಾದರೂ ಕಾಲು ಚಾಚಲು ಜಾಗವಾಗುತ್ತದೆ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕುರ್ಚಿಯಣ್ಣ ಎಂದು. ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳು ಕೂರುವಾಗ ಹಿಂದಿನಿಂದ ಕುರ್ಚಿ ತಳ್ಳುವುದು, ಏಳುವಾಗ ಎಳೆಯುವುದು ಅವನ ಕೆಲಸ. ಅವನು ತಳ್ಳದ ಹೊರತು ಆ ದೇಶದಲ್ಲಿ ನ್ಯಾಯ ಕೂರುತ್ತಲೇ ಇರಲಿಲ್ಲ.

ಪಕ್ಷ ಬಿಟ್ಟು ಬಂದವರನ್ನು ನೆಚ್ಚಿ ನಿಂತ ಸರ್ಕಾರ ಸಿಂಧುವೋ ಅಲ್ಲವೋ ಎಂದು ತೀರ್ಪು ಬರುವ ದಿನ. ಬೆಳಗ್ಗೆ ಏಳುತ್ತಲೇ ಕುರ್ಚಿಯಣ್ಣನ ಕತ್ತು ಹಿಡಿದುಕೊಂಡಿದೆ. ಬೀದಿಗಿಳಿದರೆ, ಅಂಗಡಿಗೆ ಆಳುವ ಪಕ್ಷದ ಬಾವುಟ ಕಟ್ಟಿದ್ದ ಒಬ್ಬ ಕ್ಷೌರಿಕ ಹಿಂದಿನಿಂದ ಕೂಗಿದ: "ಕುರ್ಚಿಯಣ್ಣಾ, ಸಾಹೇಬ್ರ ಬೆನ್ನ ಹಿಂದೇನೇ ನಿಂತಿರ್ತೀಯ. ನಮ್ಮ ಸರ್ಕಾರ ಉಳಿಯುತ್ತಾ?"

ತಿರುಗಲು ಹೋದ. ಕತ್ತು ಬಲಕ್ಕೆ ಛಳಕ್ಕೆಂದಿತು, ಎಡಕ್ಕೆ ಛಳಕ್ಕೆಂದಿತು. "ಅಯ್ಯೋ," ಎಂದ.

"ಮುಗೀತು ಬಿಡು," ಎಂದ ಕ್ಷೌರಿಕ, ಸ್ಟೂಲು ಹತ್ತಿ ಬಾವುಟ ಬಿಚ್ಚಿದ.

ಅವನನ್ನು ಕಂಡು ಬೀದಿ ಬಿಚ್ಚಿತು, ಬೀದಿಯನ್ನು ಕಂಡು ಊರು. ಬಸ್ಸು ಕೋರ್ಟು ಮುಟ್ಟುವಷ್ಟರಲ್ಲಿ ಮಂತ್ರಿಗಳು ಎದುರು ಪಕ್ಷದ ಕಾಂಪೌಂಡು ಹಾರುತ್ತಿದ್ದರು. ಗೇಟು ತೆರೆದೇ ಇತ್ತು, ಆದರೂ ಅಭ್ಯಾಸಬಲದಿಂದ ಹಾರಿದರು.

ರಿಜಿಸ್ಟ್ರಾರು ಕಾದಿದ್ದರು. "ತೀರ್ಪು ಮೊದ್ಲೇ ಹೊರಗೆ ಬಿಟ್ಟಿದೀಯಂತೆ. ನೀನು ಹೇಳಿದ್ದೇ ಬಂದ್ರೆ ನಾಳೆಯಿಂದ ನಿನಗೆ ಕೆಲಸ ಇಲ್ಲ."

ಸೊಟ್ಟ ಕತ್ತಿನಲ್ಲೇ ಹೋಗಿ ಕುರ್ಚಿ ತಳ್ಳಿದ. ಮುಖ್ಯ ನ್ಯಾಯಮೂರ್ತಿಗಳು ಓದಿದರು: ಸರ್ಕಾರ ಸಿಂಧು.

ಆದರೇನು, ಅಷ್ಟರಲ್ಲಿ ಸರ್ಕಾರವೇ ಖಾಲಿ. ಇತ್ತ, ತಪ್ಪು ಹೇಳಿದವನನ್ನು ಗುಟ್ಟು ಬಿಟ್ಟವನೆಂದು ಹಿಡಿಯುವುದು ಹೇಗೆ? ಕೆಲಸ ಉಳಿಯಿತು. ಹೊಸ ಸರ್ಕಾರದವರು ಕುರ್ಚಿಯಣ್ಣನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಆ ಕುಲುಕಾಟಕ್ಕೆ ಕತ್ತೂ ನೆಟ್ಟಗಾಯಿತು.

ಬೆಂಚಿನವರೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದರು. ನನ್ನ ಸರದಿ ಬಂತು. ಗೆದ್ದು ಬಂದ ಸೇನಾಪತಿಯ ಹಾಗೆ ಹೋಗಿ ಕೂತೆ. ಕ್ಷೌರಿಕ ನನ್ನ ತಲೆ ಹಿಡಿದು ಪಕ್ಕಕ್ಕೆ ವಾಲಿಸಿದ.

"ಅಯ್ಯೋ," ಎಂದೆ.

"ಇದೇ ಅಯ್ಯೋ ಅಲ್ವಾ ಕುರ್ಚಿಯಣ್ಣಾ, ಅವತ್ತು ನನ್ನ ಬಾವುಟ ಬಿಚ್ಚಿಸಿದ್ದು?"

ಕತ್ತರಿ ಕಿವಿಯ ಹತ್ತಿರವೇ ಇದ್ದುದರಿಂದ ನಿಜ ಹೇಳಿಬಿಟ್ಟೆ. ಕತ್ತು ನನ್ನದೇ. ಸರ್ಕಾರ ಬೀಳಲಿಲ್ಲ, ಇಡೀ ದೇಶದಲ್ಲಿ ಅಂದು ಪಕ್ಷ ಬಿಟ್ಟವನು ಈ ಕ್ಷೌರಿಕನೊಬ್ಬನೇ. ಸೊಟ್ಟ ಕತ್ತಿನವನು ಸಾಹೇಬರ ಹಿಂದೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ರಿಜಿಸ್ಟ್ರಾರು ನನ್ನನ್ನು ಅಂದು ಬೆಳಗ್ಗೆಯೇ ಗೇಟು ಕಾಯಲು ಹಾಕಿದರು. ಇಂದಿಗೂ ಗೇಟಿನಲ್ಲೇ ಇದ್ದೇನೆ.

ತೀರ್ಪು ಏನಾಯಿತೆಂದು ಅಂದು ಸಂಜೆ ನಾನು ಬಂದು ಕೇಳಿದ್ದೂ ಇವನನ್ನೇ.