ಅತಿಥಿಗಳ ಕುರ್ಚಿಯ ಕೆಳಗಿದ್ದ ನಲವತ್ತೆಂಟು ಇಟ್ಟಿಗೆಗಳ ಕುರಿತು

ಶ್ರೀ ಪರಪ್ಪನವರು, ವ್ಯವಸ್ಥಾಪಕರು,
ಗಂಗಾಮಾತಾ ಸಮವಸ್ತ್ರ ತಯಾರಿಕಾ ಕೇಂದ್ರ, ಬೈಲಹೊಂಗಲ, ಇವರ ಸನ್ನಿಧಿಗೆ

ಮಾನ್ಯರೇ,

ತಮಗೆ ತಲೆ ಬಾಗಿಸಿ ನಮಸ್ಕರಿಸಬೇಕೆಂದೇ ಕುಳಿತಿದ್ದೆ. ಆದರೆ ಇನ್ನು ಮೂರು ತಿಂಗಳು ತಲೆ ಬಾಗಿಸಕೂಡದೆಂದು ಡಾಕ್ಟರರ ಅಪ್ಪಣೆಯಾಗಿರುವುದರಿಂದ, ನೆಟ್ಟಗೆ ಕುಳಿತೇ ತಮಗೆ ಸಲಾಮು, ಶರಣು ಎರಡನ್ನೂ ಸಲ್ಲಿಸುತ್ತೇನೆ. ಇದನ್ನು ಅಹಂಕಾರವೆಂದು ಎಣಿಸದೆ ಔಷಧವೆಂದು ಎಣಿಸಬೇಕಾಗಿ ವಿನಂತಿ.

ನಾನು, ರಾಜಮಾ, ೧೯೯೮ರಿಂದ ತಮ್ಮ ಕೇಂದ್ರದಲ್ಲಿ ಶಾಲೆಯ ಮಕ್ಕಳ ನೀಲಿ ಚಡ್ಡಿ, ಬಿಳಿ ಅಂಗಿ ಹೊಲಿಯುತ್ತ ಬಂದವಳು. ಮುಚ್ಚಿಹೋದ ಒಂದು ಕನ್ನಡ ಶಾಲೆಯ ಮೇಜುಗಳನ್ನೇ ತಂದು, ಅವುಗಳ ಮೇಲೆ ಹೊಲಿಗೆ ಯಂತ್ರಗಳನ್ನು ಕೂಡಿಸಿದ ತಮ್ಮ ದೂರದೃಷ್ಟಿಯನ್ನು ನಾವು ಹನ್ನೆರಡು ಜನ ಹೆಂಗಸರು ದಿನಾ ನೆನೆಯುತ್ತೇವೆ. ಮಕ್ಕಳ ಬಟ್ಟೆ ಹೊಲಿಯುವವರು ಮೂರನೆಯ ಇಯತ್ತೆಯ ಮಕ್ಕಳ ಮೇಜಿನಲ್ಲೇ ಕುಳಿತು ಹೊಲಿಯಲಿ ಎಂಬ ತಮ್ಮ ಭಾವ ಬಹಳ ಸುಂದರವಾದದ್ದು. ನಮ್ಮ ಮೊಣಕಾಲುಗಳಿಗೆ ಮಾತ್ರ ಆ ಸೌಂದರ್ಯ ತಿಳಿಯಲಿಲ್ಲ. ಸೂಜಿ ಹೊಟ್ಟೆಯ ಹತ್ತಿರ, ಕಣ್ಣು ಮೇಲೆ, ದೀಪ ಇನ್ನೂ ಮೇಲೆ. ನೀಲಿ ಬಟ್ಟೆಯ ಮೇಲೆ ನೀಲಿ ದಾರ ಕಾಣಬೇಕೆಂದರೆ ಕುತ್ತಿಗೆಯನ್ನು ಕೊಕ್ಕರೆಯ ಹಾಗೆ ಚಾಚಲೇಬೇಕು. ಹೀಗೆ ಚಾಚಿದ್ದು ಐದು ವರ್ಷ.

ಮೊದಲು ಹೆಗಲು ಹಿಡಿಯಿತು, ಆಮೇಲೆ ತಲೆನೋವು, ಆಮೇಲೆ ಎಡಗಡೆಯ ದವಡೆ. ರೊಟ್ಟಿ ಮುರಿದು ಬಾಯಿಗಿಟ್ಟರೆ ಕಿವಿಯ ಮುಂದೆ "ಟಕ್" ಎನ್ನುವ ಸಪ್ಪಳ. ಟೆಂಪೊ ಓಡಿಸುವ ನನ್ನ ಯಜಮಾನರು ಬಾಬಾಜಾನ ಊಟದ ನಡುವೆ ಕೈ ತಡೆದು, "ಏನ ಇದು, ಗೇರ್ ಬಿದ್ದಂಗ ಸಪ್ಪಳ ಬರಾಕ್ಹತ್ತೈತಿ?" ಎಂದು ಕೇಳಿದರು. ಹಲ್ಲಿನ ದೋಷವೆಂದು ತಿಳಿದು ಒಂದು ಗಟ್ಟಿ ದವಡೆಹಲ್ಲು ಕೀಳಿಸಿಕೊಂಡೆ. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಆ ಬಡಪಾಯಿ ಹಲ್ಲಿನ ತಪ್ಪೇನೂ ಇರಲಿಲ್ಲವೆಂದು ತಿಳಿದದ್ದು ಧಾರವಾಡಕ್ಕೆ ಹೋದ ಮೇಲೆ.

ಅಲ್ಲಿ ಗಂಗಾ ಎಂಬ ವ್ಯಾಯಾಮ ಚಿಕಿತ್ಸೆಯ ಡಾಕ್ಟರಮ್ಮ ನನ್ನನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದರು. ಹಿಮ್ಮಡ ಮುಟ್ಟಿತು, ಬೆನ್ನು ಮುಟ್ಟಿತು, ತಲೆ ಮಾತ್ರ ಗೋಡೆಯಿಂದ ನಾಲ್ಕು ಬೆರಳು ಮುಂದೆ ನಿಂತಿತು.

"ನಿಮ್ಮ ದವಡಿ ಕೆಟ್ಟಿಲ್ರಿ, ತಲಿ ಜಾಗಾ ಬಿಟ್ಟೈತಿ," ಎಂದರು. "ತುಂಬಿದ ಕೊಡಾ ಸೊಂಟದ ಮ್ಯಾಲ ಇಟ್ಕೊಂಡ್ರ ಹೊರತೀರಿ. ಅದನ್ನ ಕೈ ಚಾಚಿ ಮುಂದ ಹಿಡದ್ರ ಎಷ್ಟೊತ್ತು ತಡೀತದ? ನಿಮ್ಮ ಕುತ್ತಿಗಿ ತಲೀನ ಹಂಗ ಹಿಡದೈತಿ. ಅದರ ಜಗ್ಗಾಟ ದವಡಿಗಿ ಬಂದೈತಿ."

ಗದ್ದವನ್ನು ಮೇಲೆತ್ತದೆ ನೇರ ಹಿಂದಕ್ಕೆ ಸರಿಸುವುದು, ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತು. ತುಟಿ ಕೂಡಿದ್ದರೂ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗದಂತೆ ಇಡುವುದು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದು. ಇಷ್ಟು ಕಲಿಸಿ, "ಇದೆಲ್ಲಾ ಮಾಡಿ ಮತ್ತ ಅದ ಮೇಜಿನ್ಯಾಗ ಕುಂತ್ರ ಏನೂ ಉಪಯೋಗಿಲ್ಲ. ಮಷೀನ ಎತ್ತರಸ್ರಿ," ಎಂದು ಕಳಿಸಿದರು.

ಮಾನ್ಯರೇ, ಅದನ್ನೇ ತಮ್ಮಲ್ಲಿ ಬಂದು ಅರಿಕೆ ಮಾಡಿಕೊಂಡೆ. ತಲೆಯವರೆಗೂ ಆನಿಕೆಯಿರುವ ತಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ತಾವು, "ಇವತ್ತು ಇಟ್ಟಿಗಿ ಕೇಳ್ತೀರಿ, ನಾಳೆ ಗಾದಿ ಕೇಳ್ತೀರಿ. ಅರ್ಜಿ ಬರೀರಿ, ನೋಡೋಣು," ಎಂದಿರಿ. ಅರ್ಜಿ ಬರೆದೆ. ತಾವು ನೋಡುತ್ತಲೇ ಇದ್ದಿರಿ. ಎರಡು ತಿಂಗಳು ಕಾದು, ತಮ್ಮ ಕಣ್ಣಿಗೆ ಅಷ್ಟು ಶ್ರಮ ಕೊಡುವುದು ಬೇಡವೆಂದು, ಯಜಮಾನರ ಟೆಂಪೊದಲ್ಲಿ ನಾಲ್ಕು ಇಟ್ಟಿಗೆ ತಂದು ನನ್ನ ಮೇಜಿನ ನಾಲ್ಕು ಕಾಲಿಗೆ ಕೊಟ್ಟುಕೊಂಡೆ. ಪಕ್ಕದ ಮೇಜಿನ ಗುರವ್ವ ಒಂದು ವಾರ ಸುಮ್ಮನೆ ನೋಡಿದಳು. ದೇಗಾಂವದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಗುರವ್ವ, ಹೊಲಿಗೆಯಲ್ಲಿ ನಮಗೆಲ್ಲ ಹಿರಿಯಳು, ಮಾತಿನಲ್ಲಿ ಎಲ್ಲರಿಗಿಂತ ಹಿಂದೆ. ಎಂಟನೆಯ ದಿನ, "ನನಗೂ ನಾಕು ತಂದುಕೊಡವಾ," ಎಂದಳು. ತಿಂಗಳೊಳಗೆ ಹನ್ನೆರಡೂ ಮೇಜುಗಳು ಬೆಳೆದು ದೊಡ್ಡವಾದವು. ಸಂಜೆ ಹೊತ್ತಿಗೆ ಹಣೆ ಒತ್ತಿಕೊಳ್ಳುವವರು ಕಡಿಮೆಯಾದರು. ನನ್ನ ದವಡೆಯ ಸಪ್ಪಳವೂ ಇಳಿಯುತ್ತ ಬಂತು.

ಅಷ್ಟರಲ್ಲಿ ಮೇಲಿನ ಸಾಹೇಬರು ಕೇಂದ್ರ ನೋಡಲು ಬರುವ ದಿನ ಗೊತ್ತಾಯಿತು. ಕೆಂಪು ಇಟ್ಟಿಗೆ ಕಂಡರೆ ಕೇಂದ್ರದ ಅಂದ ಕೆಡುತ್ತದೆಂದು ತಾವು ಹಿಂದಿನ ವಾರವೇ ಅವನ್ನು ತೆಗೆಸಿದಿರಿ. ಆರು ದಿನ ಮತ್ತೆ ಕೊಕ್ಕರೆಗಳಾದೆವು. ಮೂರನೆಯ ದಿನ ನನ್ನ ದವಡೆ ಮತ್ತೆ ನುಡಿಯಿತು. ತಾವು ಮಿತವ್ಯಯದವರು, ಏನನ್ನೂ ಕೆಡಿಸುವವರಲ್ಲ. ಆ ನಲವತ್ತೆಂಟು ಇಟ್ಟಿಗೆಗಳನ್ನೇ ಸಾಲಾಗಿ ಇಡಿಸಿ, ಮೇಲೆ ಹಲಗೆ ಹಾಸಿ, ಜಮಖಾನೆ ಹೊದಿಸಿ, ಅತಿಥಿಗಳ ಕುರ್ಚಿಗೆ ವೇದಿಕೆ ಕಟ್ಟಿಸಿದಿರಿ. ಸಾಹೇಬರು ಎಲ್ಲರಿಗಿಂತ ನಾಲ್ಕು ಬೆರಳು ಎತ್ತರದಲ್ಲಿ, ನೆಟ್ಟಗೆ, ಆರಾಮಾಗಿ ಕುಳಿತರು. ಇಟ್ಟಿಗೆಯಿಂದ ಮನುಷ್ಯನಿಗೆ ಸುಖವಿದೆಯೆಂಬ ನನ್ನ ಅರ್ಜಿಯನ್ನು ತಾವು ಒಪ್ಪಿದ್ದು ಅಂದೇ.

ಸಾಹೇಬರು ಒಳ್ಳೆಯವರು. ಮುಂದಿನ ಸಾಲಿನಲ್ಲಿದ್ದ ನನ್ನ ಕಡೆಗೇ ನೋಡಿ, "ಏನಾರ ತೊಂದ್ರಿ ಐತೇನ್ರಿ ಇಲ್ಲೆ?" ಎಂದು ಕೇಳಿದರು. ಐದು ವರ್ಷದಿಂದ ಕಾದ ಪ್ರಶ್ನೆ. ಎದ್ದು ನಿಂತೆ, ಉಸಿರೆಳೆದು ದೊಡ್ಡದಾಗಿ ಬಾಯಿ ತೆರೆದೆ. "ಟಕ್" ಎಂದಿತು. ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಮುಚ್ಚಲು ಬರಲಿಲ್ಲ, ಮಾತು ಹೊರಡಲಿಲ್ಲ, ಜೊಲ್ಲು ಸೆರಗಿನ ಮೇಲೆ ಇಳಿಯತೊಡಗಿತು. ಅಷ್ಟು ಜನರ ಮುಂದೆ ನಾನು ಅನುಭವಿಸಿದ ನಾಚಿಕೆ ಮತ್ತು ಅಂಜಿಕೆಯನ್ನು ಈ ಪತ್ರದ ಮರ್ಯಾದೆಯ ಭಾಷೆಯಲ್ಲಿ ಬರೆಯಲಾರೆ.

ತಾವು ಕ್ಷಣವೂ ತಡಮಾಡಲಿಲ್ಲ. "ಸಂತೋಷಾಗಿ ಮಾತ ಹೊರಡವಲ್ದು ನೋಡ್ರಿ ಸಾಹೇಬ್ರ, ನಮ್ಮ ಹೆಣ್ಮಕ್ಕಳು ಭಾಳ ಮುಗ್ಧರು," ಎಂದು ಚಪ್ಪಾಳೆಗೆ ಕೈ ಎತ್ತಿದಿರಿ. ಒಬ್ಬಿಬ್ಬರು ತಟ್ಟಿಯೂ ಬಿಟ್ಟರು.

ಆಗ ಗುರವ್ವ ಎದ್ದಳು.

"ಸಂತೋಷ ಅಲ್ರಿ ಸಾಹೇಬ್ರ," ಎಂದಳು, ನನ್ನ ಗದ್ದದ ಕೆಳಗೆ ತನ್ನ ಸೆರಗು ಹಿಡಿಯುತ್ತ. "ಆಕಿ ದವಡಿ ಕೀಲ ತಪ್ಪೈತಿ. ಬಗ್ಗಿ ಬಗ್ಗಿ ಹಿಂಗಾಗೈತಿ. ನಮ್ಮ ಮೇಜಿಗಿ ಕೊಟ್ಟಿದ್ದ ಇಟ್ಟಿಗಿ ನಿಮ್ಮ ಕುರ್ಚಿ ಕೆಳಗ ಅದಾವ್ರಿ. ಇಳದು ನೋಡ್ರಿ."

ಸಾಹೇಬರು ಇಳಿದರು, ಬಗ್ಗಿದರು, ಜಮಖಾನೆ ಎತ್ತಿ ನೋಡಿದರು. ತಮ್ಮ ಮುಖವನ್ನೂ ನೋಡಿದರು. ತಮ್ಮ ಕುತ್ತಿಗೆ ಬಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನನ್ನು ಅವರದೇ ಜೀಪಿನಲ್ಲಿ ದವಾಖಾನೆಗೆ ಕಳಿಸಿದರು. ಅಲ್ಲಿನ ಡಾಕ್ಟರರು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕೆಳದವಡೆಯನ್ನು ಒತ್ತಿ ಹಿಂದಕ್ಕೆ ತಳ್ಳಿ ಕೀಲು ಕೂಡಿಸುವವರೆಗೂ ಗುರವ್ವ ನನ್ನ ಕೈ ಬಿಡಲಿಲ್ಲ.

ಮರುದಿನವೇ ಇಟ್ಟಿಗೆಗಳು ಮೇಜುಗಳಿಗೆ ಮರಳಿದವಂತೆ. ಕೃತಜ್ಞಳು. ಗುರವ್ವನನ್ನು ಮಾತ್ರ ಮೇಜಿನಿಂದ ಎಬ್ಬಿಸಿ, ನೆಲದ ಮೇಲೆ ಕುಳಿತು ಗುಂಡಿ ಹಚ್ಚುವ ಕೆಲಸಕ್ಕೆ ಹಾಕಿದಿರಂತೆ. ನನಗೆ ತಾವು ಕಳಿಸಿದ ಕಾಗದವೂ ಮುಟ್ಟಿತು. "ನನ್ನ ದವಡೆಯ ದೋಷ ಹುಟ್ಟಿನಿಂದಲೇ ಬಂದದ್ದು, ಕೇಂದ್ರಕ್ಕೆ ಸಂಬಂಧವಿಲ್ಲ" ಎಂದು ಸಹಿ ಮಾಡಿದರೆ ಸೋಮವಾರದಿಂದ ಕೆಲಸಕ್ಕೆ ಬರಬಹುದೆಂಬ ತಮ್ಮ ಔದಾರ್ಯಕ್ಕೆ ಏನು ಹೇಳಲಿ? ನನ್ನ ಹುಟ್ಟನ್ನು ಕಂಡ ಸೂಲಗಿತ್ತಿ ಮುದಕವ್ವ ಇಂದಿಗೂ ಕಿತ್ತೂರಿನಲ್ಲಿದ್ದಾಳೆ. ಹುಟ್ಟಿದಾಗ ನಾನು ಬಾಯಿ ತೆರೆದು ಅತ್ತೆನೆಂದೂ, ಆಮೇಲೆ ಮುಚ್ಚಿದೆನೆಂದೂ ಬೇಕಾದರೆ ಬರೆದುಕೊಟ್ಟಾಳು.

ನಿಜ ಹೇಳಬೇಕೆಂದರೆ, ಆ ಕಾಗದವನ್ನು ಎರಡು ದಿನ ಎದುರಿಗಿಟ್ಟುಕೊಂಡು ಕುಳಿತೆ. ಕೆಲಸ ನನಗೆ ಬೇಕು. ಗುರವ್ವ ನೋಡಲು ಬಂದಾಗ, "ನಾ ಸಹಿ ಮಾಡಿದ್ರ ನಿನ್ನನ್ನೂ ಮೇಜಿಗಿ ಕಳಸ್ತಾರೇನೋ," ಎಂದೆ. ಆಕೆ ಕಾಗದವನ್ನು ಮಡಚಿ ನನ್ನ ಕೈಗಿಟ್ಟು, "ಮಾಡಬ್ಯಾಡ. ನನ್ನ ಸಲುವಾಗಿ ಅಂತೂ ಮೊದಲ ಮಾಡಬ್ಯಾಡ," ಎಂದಳು. ಹೇಳುವಾಗ ಎಡಗೈಯಿಂದ ತನ್ನ ಕುತ್ತಿಗೆಯನ್ನು ಒತ್ತಿಕೊಳ್ಳುತ್ತಿದ್ದಳು.

ಆದ್ದರಿಂದ ಕಾಗದವನ್ನು ಸಹಿಯಿಲ್ಲದೆ ಮರಳಿಸಿದ್ದೇನೆ. ಗುರವ್ವನನ್ನು ಆಕೆಯ ಮೇಜಿಗೆ ಮರಳಿಸಬೇಕು. ಅದು ಸಾಧ್ಯವಿಲ್ಲವಾದರೆ, ಹೆಂಗಸರು ತಲೆಯನ್ನು ಮನೆಯಲ್ಲಿಟ್ಟು ಬರಲು ಲಿಖಿತ ಅನುಮತಿ ಕೊಡಬೇಕು, ಅಥವಾ ಮೂರನೆಯ ಇಯತ್ತೆಯ ಮಕ್ಕಳಷ್ಟೇ ಎತ್ತರದ ಹೆಂಗಸರನ್ನೇ ಹುಡುಕಿ ನೇಮಿಸಿಕೊಳ್ಳಬೇಕು. ಇದರ ಪ್ರತಿಯನ್ನು ಕೇಂದ್ರದ ಬಾಗಿಲಿಗೂ ಅಂಟಿಸಲಾಗಿದೆ. ಓದಲು ಬಗ್ಗಬೇಕಾಗಿಲ್ಲ, ಕಣ್ಣಿನ ಎತ್ತರಕ್ಕೇ ಇದೆ.

ಇಂತಿ, ನೆಟ್ಟಗೆ ಕುಳಿತ ತಮ್ಮ ವಿಶ್ವಾಸಿ,
ರಾಜಮಾ ಬಾಬಾಜಾನ
ಕಿತ್ತೂರು, ಏಪ್ರಿಲ್ ೨೦೦೩

ತಾ.ಕ.: ಬಾಯಿ ಮೂರು ಬೆರಳು ಹಿಡಿಯುವಷ್ಟು ತೆರೆದರೆ ದವಡೆ ಗುಣವಾದಂತೆ ಎಂದು ಡಾಕ್ಟರಮ್ಮ ಹೇಳಿದ್ದರು. ನಿನ್ನೆಗೆ ಮೂರು ಬೆರಳಾಯಿತು. ಸಾಹೇಬರು ಮುಂದಿನ ತಿಂಗಳು ಮತ್ತೆ ಬರುತ್ತಾರೆಂದು ಕೇಳಿದೆ. ಮಾತಿಗೆ ಅಷ್ಟು ಅಗಲ ಸಾಕು.